ಕಚ್ಚೆ ಉಟ್ಟು ಬಂದ ಶನಿವಾರ

ಆ ಭಾನುವಾರ ನಾನು ಮಾಡಿದ ಕೆಲಸ ಇಷ್ಟು. ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲೆ ಬಿಟ್ಟೆ. ಹಂಡೆಯ ಒಲೆಗೆ ಉರಿ ಹಾಕಿದೆ. ಹಿಂದಿನ ದಿನ ನೆನೆಸಿಟ್ಟಿದ್ದ ಅವರೇಕಾಳನ್ನು ಕೂತು ಹಿತುಕಿದೆ. ರವೆ ಜರಡಿ ಹಿಡಿದು ಹುಳು ಆರಿಸಿ ಹುರಿದು, ಆ ಕಾಳು ಹಾಕಿ ಉಪ್ಪಿಟ್ಟು ಮಾಡಿದೆ. ಡಬ್ಬದ ತಳದಲ್ಲಿ ಉಳಿದಿದ್ದ ರೇಷನ್ ಸಕ್ಕರೆಯನ್ನೆಲ್ಲ ಬಗ್ಗಿಸಿ ಸಜ್ಜಿಗೆ ಮಾಡಿದೆ. ನಡುಮನೆಗೆ ಜಮಖಾನ ಹಾಸಿದೆ. ಮಗುವಿಗೆ ಜಡೆ ಹೆಣೆದು ಹೂ ಮುಡಿಸಿದೆ. ಅದೆಲ್ಲದರ ನಡುವೆ ನನ್ನ ಹದಿನೆಂಟು ಮೊಳದ ನೂಲಿನ ಸೀರೆಯನ್ನು ಅಂಟುವಾಳದ ನೊರೆಯಲ್ಲಿ ನೆನೆಸಿ, ಅಂಚಿಗೆ ಹಿಡಿದಿದ್ದ ಕೆಮ್ಮಣ್ಣನ್ನು ಉಜ್ಜಿ ಉಜ್ಜಿ ಒಗೆದೆ. ಮಣ್ಣು ಹೋಗಲಿಲ್ಲ. ಬರಬೇಕಾದ ನೆಂಟರೂ ಬರಲಿಲ್ಲ.

ಮಗು ಎಂದರೆ ಎಳೆಮಗುವಲ್ಲ, ನನ್ನ ಅಕ್ಕನ ಮಗಳು. ಅಕ್ಕಭಾವ ಇದ್ದದ್ದು ಮಳವಳ್ಳಿಯ ಆಚೆ ಪೂರಿಗಾಲಿಯಲ್ಲಿ. ಭಾವ ಅಲ್ಲಿ ಶಾನುಭೋಗರು. ಹುಡುಗಿ ಹೈಸ್ಕೂಲು ಮುಗಿಸಿ ಇಂಟರ್ ಓದುತ್ತೇನೆಂದು ಹಟ ಹಿಡಿದಾಗ ನಮ್ಮ ಮಂಡ್ಯದ ಮನೆಯಲ್ಲಿ ಬಿಟ್ಟರು. ಬೆಳಗಿನ ಗಾಡಿಗೆ ಮೈಸೂರಿನ ಕಾಲೇಜು, ಸಂಜೆಯ ಗಾಡಿಗೆ ವಾಪಸ್ಸು. ಯುದ್ಧದ ಕಾಲ. ಸೀಮೆಎಣ್ಣೆಗೂ ಸಾಲು, ಅಕ್ಕಿಗೂ ಸಾಲು. ಊರ ತುಂಬ ಕಬ್ಬಿನ ಹಾಲು ಕಾಯುವ ವಾಸನೆ, ಸಕ್ಕರೆ ಮಾತ್ರ ಚೀಟಿ ತೋರಿಸಿದರೆ. ಹಾಗೂ ಹೀಗೂ ಒಂದು ವರ್ಷ ದಾಟಿ ಎರಡನೆಯ ವರ್ಷ ನಡೆದಿತ್ತು. ಮಾರ್ಚಿಯಲ್ಲಿ ಪರೀಕ್ಷೆ. ಆ ಪರೀಕ್ಷೆ ಬರೆದು ಮೇಷ್ಟರ ತರಬೇತಿಗೆ ಸೇರಬೇಕೆಂಬುದು ಅವಳ ಒಂದೇ ಆಸೆ.

ಅಷ್ಟರಲ್ಲಿ ಮಳವಳ್ಳಿಯ ಒಂದು ಮನೆಯಿಂದ ಸಂಬಂಧ ಬಂತು. ಧನುರ್ಮಾಸ ಹಿಡಿಯುವ ಮುಂಚೆ ಹುಡುಗಿಯನ್ನು ನೋಡಿಬಿಡುತ್ತೇವೆ, ಒಪ್ಪಿಗೆಯಾದರೆ ಮಾಘದಲ್ಲೇ ಮದುವೆ ಎಂದರು. ಭಾವ ಬಂದು ಹೇಳಿದರು: "ಒಪ್ಪಿದ್ರೆ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ ಕಣಮ್ಮ. ಪುಸ್ತಕ ಕಟ್ಟಿಡೋದೇ." ಮಗು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿತು. ಅಂದು ರಾತ್ರಿ ಊಟಕ್ಕೆ ಕೂತು ಅನ್ನವನ್ನು ಕಲಸುತ್ತಲೇ ಇತ್ತು, ಬಾಯಿಗೆ ಹೋಗಲಿಲ್ಲ.

ಕಾಲೇಜಿಗೆ ಹೋಗುವ ಹುಡುಗಿ ಹೇಗಿರಬೇಕು, ಏನು ಉಡಬೇಕು, ಏನು ನೋಡಿ ನಗಬೇಕು ಎಂಬ ವಿಷಯದಲ್ಲಿ ಮಂಡ್ಯದಲ್ಲಿ ಬುದ್ಧಿ ಹೇಳದ ಪ್ರಾಣಿ ಇರಲಿಲ್ಲ. ಆ ಎರಡು ವರ್ಷ ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿತ್ತು. ಭಾವ ಬಂದಾಗಲೆಲ್ಲ ಹೊಸದೊಂದು ಕಟ್ಟಳೆ ಹೊತ್ತು ತರುತ್ತಿದ್ದರು. ಎರಡು ಜಡೆ ಕೂಡದು. ಕಾದಂಬರಿ ಕೂಡದು. ಗಾಡಿಯಲ್ಲಿ ಕಿಟಕಿ ಪಕ್ಕ ಕೂರಕೂಡದು, ಇಂಜಿನ್ನಿನ ಕಿಡಿ ಹಾರಿ ಸೀರೆ ಸುಡುತ್ತದೆ. ಕಿಡಿಯ ಭಯ ಎಷ್ಟಿತ್ತೋ, ಕಿಟಕಿಯಾಚೆ ಯಾರಾದರೂ ನಿಂತಾರು ಎಂಬ ಭಯ ಎಷ್ಟಿತ್ತೋ, ಅವರಿಗೇ ಗೊತ್ತು.

ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು, ಪೇಪರು ಓದುವವರು. ಅವರದು ಇದಕ್ಕೆ ತದ್ವಿರುದ್ಧ. "ವಾರಕ್ಕೊಂದು ಇಂಗ್ಲಿಷ್ ಸಿನಿಮಾ ನೋಡ್ಬೇಕು, ಭಾಷೆ ಸರಾಗ ಆಗತ್ತೆ. ಮೈಗೆ ವ್ಯಾಯಾಮ ಇರ್ಬೇಕು. ಆದ್ರೆ ಒಂದು, ಏನೇ ಆಗ್ಲಿ ಮೊದಲ ಗಾಡಿ ತಪ್ಪಿಸ್ಬಾರ್ದು" ಎಂದು ಪೇಪರಿನ ಹಿಂದಿನಿಂದಲೇ ಹೇಳುವರು. ಸಂಜೆ ಎರಡು ಗಾಡಿ. ಎರಡನೆಯದು ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಇಂಗ್ಲಿಷ್ ಸಿನಿಮಾ ನೋಡಿ ಮೊದಲ ಗಾಡಿ ಹಿಡಿಯುವುದು ಹೇಗೆಂದು ನಾನು ಕೇಳಲಿಲ್ಲ. ಕೇಳಿದರೆ ಪೇಪರು ಇನ್ನೂ ಮೇಲೇರುತ್ತಿತ್ತು.

ಪಕ್ಕದ ಮನೆಯ ವಕೀಲರ ಹೆಂಡತಿ ಹೆಂಗಸರ ಮಾಸಪತ್ರಿಕೆ ತರಿಸುತ್ತಿದ್ದರು. ಅದರಲ್ಲಿ ಕಾಲೇಜು ತರುಣಿಯರಿಗೆಂದೇ ಒಂದು ಪುಟ. ಬೆಳಗ್ಗೆ ಎದ್ದು ಬಿಸಿನೀರಿಗೆ ನಿಂಬೆಹುಳಿ ಹಿಂಡಿ ಕುಡಿಯಬೇಕಂತೆ. ಕಾಲನ್ನು ದಿಂಬಿನ ಮೇಲಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಬೇಕಂತೆ, ಮುಖಕ್ಕೆ ಕಳೆ ಬರುತ್ತದಂತೆ. ಓದುವ ಮೇಜಿನ ಮೇಲೆ ಹೂದಾನಿ ಇರಬೇಕಂತೆ. ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲ. ಮಗು ಓದುತ್ತಿದ್ದದ್ದು ಅಕ್ಕಿ ಮೂಟೆಗೆ ಒರಗಿಕೊಂಡು, ಮೂಟೆ ತುಂಬಿದ್ದಾಗ. ಕಾಲು ಮೇಲಿಟ್ಟು ಮಲಗುವ ಹೊತ್ತಿಗೆ ಗಾಡಿ ಹಿಂದಿನ ಸ್ಟೇಷನ್ನಾದ ಹನಕೆರೆ ಬಿಟ್ಟಿರುತ್ತಿತ್ತು, ಇವಳು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಸ್ಟೇಷನ್ನಿನ ಕಡೆ ಓಡುತ್ತಿದ್ದಳು.

ಅದೇ ಗಾಡಿಯಲ್ಲಿ ಹನಕೆರೆಯಿಂದ ಮೊಸರಿನವಳು ಬಂದಿಳಿಯುತ್ತಿದ್ದಳು. ಕುಕ್ಕೆ ಇಳಿಸುತ್ತ ದಿನವೂ ನನಗೆ ವರದಿ. "ನಿಮ್ ಮಗು ಓಡ್ಕಂಡ್ ಬಂದು ಗಾಡಿ ಅತ್ತುದ್ದ ಕಂಡೆ ಕಣ್ರವ್ವ. ಎಂಗ್ ಓಡ್ತದೆ ಅಂತೀರಿ, ಕರ ಓಡ್ದಂಗೆ! ಇಷ್ಟ್ ಓದಿ ಏನ್ ಅಮಲ್ದಾರ್ಕೆ ಮಾಡದಾ?"

"ಮೊಸರು ಅಳೆಯಮ್ಮ ನೀನು" ಎನ್ನುತ್ತಿದ್ದೆ.

ಇನ್ನು ಟೆಂಟ್ ಸಿನಿಮಾ ಬಂದಾಗ ನಡೆದ ಗಲಾಟೆ ಹೇಳತೀರದು. ಭಾವ ಬೇಡವೆಂದರು, ನಮ್ಮ ಮನೆಯವರು ಹೋಗಲಿ ಎಂದರು, ನಮ್ಮ ಅತ್ತೆ ದೇವರ ಕತೆಯಾದರೆ ಸರಿ ಎಂದರು. ವಕೀಲರ ಹೆಂಡತಿಯೂ ನಾನೂ ಕಾವಲಿಗೆ ಹೊರಟೆವು. ಹೆಂಗಸರ ಕಡೆ ಮರಳಿನ ಮೇಲೆ ಚಾಪೆ ಹಾಸಿ ಕೂತು, ಮೊದಲ ರೀಲು ಮುಗಿಯುವ ಮುನ್ನವೇ ಮಗು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು. ಬೆಳಗ್ಗೆ ಗಾಡಿಗೆ ಎದ್ದ ಮೈ. ಮಗು ಕೆಟ್ಟೀತೆಂದು ಅಷ್ಟು ಜನ ಅಷ್ಟು ಮಾತಾಡಿದ ಸಿನಿಮಾವನ್ನು ನೋಡಿದ್ದು ನಾವಿಬ್ಬರು.

ಅವಳಿಗೆ ನಿಜವಾಗಿ ಇಷ್ಟವಿದ್ದದ್ದು ರಿಂಗಾಟ. ನಡುವೆ ಬಲೆ ಕಟ್ಟಿ ರಬ್ಬರಿನ ಬಳೆಯನ್ನು ಆಚೆಯಿಂದೀಚೆಗೆ ಎಸೆದು ಹಿಡಿಯುವ ಆಟ. ಕಾಲೇಜಿನ ಅಂಗಳದಲ್ಲಿ ಹುಡುಗಿಯರು ಆಡುತ್ತಿದ್ದರು. ಶನಿವಾರ ಪಂದ್ಯ, ಇವಳ ಹೆಸರೂ ಇದೆ ಎಂದು ಭಾವನ ಮುಂದೆ ಬಾಯಿಬಿಟ್ಟಳು. ಮಾರನೆಯ ದಿನವೇ ಮಳವಳ್ಳಿಯವರು ನೋಡಲು ಬರುವುದು.

"ಓಡೋದು, ನೆಗೆಯೋದು, ಸೀರೆ ಮೇಲಕ್ಕೋಗಿ ಮೊಣಕಾಲು ಕಾಣೋದು! ಚೆನ್ನಾಗಿದೆ" ಎಂದರು ಭಾವ.

"ಅಲ್ಲಿ ಹೆಂಗಸರೇ ಇರೋದು ಅಪ್ಪ."

"ಇರ್ಲಿ. ಆಡೋದಾದ್ರೆ ಕಾಲು ಕಾಣದ ಹಾಗೆ ಆಡು. ಆಗತ್ತಾ? ಆಗೋದಾದ್ರೆ ಹೋಗು, ನಾನೇನೂ ಬೇಡ ಅನ್ನಲ್ಲ."

ಆಗುವುದಿಲ್ಲ ಎಂಬ ಧೈರ್ಯದಲ್ಲಿ ಹೇಳಿ, ಹೆಗಲಿಗೆ ವಸ್ತ್ರ ಹಾಕಿಕೊಂಡು ಬಸ್ಸಿಗೆ ಹೊರಟುಬಿಟ್ಟರು. ಮಗು ಹಿತ್ತಿಲಿನಲ್ಲಿ ಕೂತು ಅತ್ತಿತು.

ನಮ್ಮ ಅತ್ತೆಯವರು ವಿಧವೆ, ಕಟ್ಟಾ ಮಡಿ. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಜಪ ಮಾಡುತ್ತಿದ್ದವರು ಸರ ಕೆಳಗಿಟ್ಟರು. "ಯಾಕೇ ಅಳ್ತೀ? ಕಾಲು ಕಾಣಬಾರ್ದು, ಅಷ್ಟೇ ತಾನೆ? ಕಚ್ಚೆ ಉಟ್ಕೊಂಡು ಆಡು. ನಾವು ಕಚ್ಚೆ ಉಟ್ಟು ಮಾವಿನಮರ ಹತ್ತಿದ್ವಿ, ಬಾವಿಗೆ ಇಳಿದಿದ್ವಿ. ಯಾರ ಕಾಲು ಯಾರಿಗೆ ಕಂಡಿತ್ತು?"

ನಮ್ಮ ಮನೆಗಳಲ್ಲಿ ಹೆಣ್ಣು ಕಚ್ಚೆ ಉಡುವುದು ಮದುವೆಯ ಹಸೆಯ ಮೇಲೆ, ಅಲ್ಲಿಂದ ಮುಂದೆ. ಅದಕ್ಕೆ ಮುಂಚೆ ಉಟ್ಟವರಿಲ್ಲ. ಕೊರಳು ನೋಡಬೇಕಾಗಿಲ್ಲ, ಹಿಂದಿನಿಂದ ಕಚ್ಚೆ ಕಂಡರೆ ಸಾಕು, ಯಾರದೋ ಮನೆಯ ಸೊಸೆ ಎಂದು ಗೊತ್ತಾಗುತ್ತದೆ.

"ಮದುವೆಯಾಗದ ಹುಡುಗಿ ಅಮ್ಮ" ಎಂದೆ.

"ಆಟದ ಅಂಗಳದಲ್ಲಿ ಯಾರೇ ನೋಡ್ತಾರೆ? ಹೋಗುವಾಗ ತನ್ನ ಸೀರೇಲಿ ಹೋಗ್ತಾಳೆ, ಅಲ್ಲಿ ಉಡ್ತಾಳೆ, ಆಡಿ ಬಿಚ್ಚಿಡ್ತಾಳೆ. ನೀನು ಸುಮ್ನೆ ನಿನ್ನ ಹಳೇ ನೂಲಿನ ಸೀರೆ ತಾ."

ತಂದೆ. ಅತ್ತೆ ತಾವು ವಿಧವೆಯೆಂದು ಹುಡುಗಿಯನ್ನು ಮುಟ್ಟಲಿಲ್ಲ, ಮಡಿಯೆಂದು ನನ್ನನ್ನೂ ಮುಟ್ಟಲಿಲ್ಲ. ಮಣೆಯ ಮೇಲೆ ದೂರ ಕೂತು ಬಾಯಲ್ಲೇ ಉಡಿಸಿದರು. "ಗಂಟು ಬಿಗಿಯಾಗಿ ಹಾಕು. ನೆರಿಗೆ ಅಷ್ಟು ದಪ್ಪ ಬೇಡ. ಅಯ್ಯೋ, ಎಡಗೈಯಲ್ಲಿ ಎಳಿ! ಇಷ್ಟು ವರ್ಷ ಉಟ್ಟೂ ನಿನಗೆ ಕಚ್ಚೆ ಬರಲಿಲ್ವಲ್ಲೇ!" ನಾನು ಉಡಿಸುವುದು, ಅವರು ತಪ್ಪೆನ್ನುವುದು, ನಾನು ಬಿಚ್ಚುವುದು. ಮಗು ಎರಡು ದಿನ ಸಂಜೆ ನಡುಮನೆಯಲ್ಲಿ ಕಚ್ಚೆ ಕಟ್ಟಿಕೊಂಡು, ಊಟದ ಮಣೆ ದಾಟಿ ನೆಗೆದು ಅಭ್ಯಾಸ ಮಾಡಿತು. ಸಂಜೆಯ ಗಾಡಿಗೆ ಊರಿಗೆ ಹೊರಟಿದ್ದ ಮೊಸರಿನವಳು ಬಾಗಿಲಲ್ಲಿ ನಿಂತು ನೋಡಿ ಬಾಯಿ ಮೇಲೆ ಕೈಯಿಟ್ಟಳು.

"ಇದ್ಯಾಕವ್ವ ಈ ಪಾಟಿ ಕಟ್ಟೀರಿ ಮಗೀನ? ನಮ್ಮಟ್ಟೀಲಿ ಎಣ್ಮಕ್ಳು ಸೀರೆ ಎತ್ತಿ ಕಟ್ಕಂಡು ಗದ್ದೆಗಿಳಿತವೆ. ಕಾಲು ಕಂಡುದ್ಕೆ ಯಾರ್ ಸತ್ತೋದ್ರು? ಬುಡಿ ಅತ್ಲಾಗೆ."

ಶನಿವಾರ ಬೆಳಗ್ಗೆ ಸೀರೆಯನ್ನು ಮಡಿಸಿ ಚೀಲದಲ್ಲಿಟ್ಟು, ಡಬ್ಬಿಯಲ್ಲಿ ಚಕ್ಕುಲಿ ಹಾಕಿಕೊಟ್ಟೆ. "ಮೊದಲ ಗಾಡಿ" ಎಂದರು ನಮ್ಮ ಮನೆಯವರು. "ಗೆದ್ದರೆ ಹಲ್ಲು ಬಿಡಬೇಡ, ಮುಗುಳ್ನಗು ಸಾಕು ಅಂತ ಬರೆದಿದ್ದಾರೆ" ಎಂದರು ಬೇಲಿಯಾಚೆಯಿಂದ ವಕೀಲರ ಹೆಂಡತಿ. "ಗಂಟು ಸಡಿಲ ಆಗದ ಹಾಗೆ ನೋಡ್ಕೊ" ಎಂದರು ಅತ್ತೆ. ನನಗೆ ಹೇಳಲು ಉಳಿದದ್ದು ಒಂದೇ: "ಚಕ್ಕುಲಿ ತಿನ್ನು. ಹಸಿದುಕೊಂಡು ಆಡಬೇಡ."

ಸಂಜೆ ಮೊದಲ ಗಾಡಿಗೇ ಬಂದಳು. ಕಚ್ಚೆಯಲ್ಲೇ ಬಂದಳು. ಅಂಚೆಲ್ಲ ಕೆಮ್ಮಣ್ಣು, ಬೆವರಿದ ಮುಖ. ಮಂಡ್ಯದ ಸ್ಟೇಷನ್ನಿನಿಂದ ಮನೆಯವರೆಗೆ, ಹಾದಿಯ ಅಂಗಡಿಗಳ ಮುಂದೆ, ಹಾಗೇ ನಡೆದು ಬಂದಿದ್ದಳು.

"ಬಿಚ್ಚಿ ಬೇರೆ ಉಟ್ಕೋಬಾರ್ದಿತ್ತೇನೇ?" ಎಂದು ಬಾಗಿಲು ಹಾಕಿಕೊಂಡು ಕೇಳಿದೆ.

"ಆಟ ಮುಗಿಯೋದೇ ತಡ ಆಯ್ತು ಚಿಕ್ಕಮ್ಮ. ಹದಿನೆಂಟು ಮೊಳ ಬಿಚ್ಚಿ ಮಡಿಸಿ ಬೇರೆ ಉಡೋದ್ರಲ್ಲಿ ಗಾಡಿ ಹೋಗಿಬಿಡೋದು. ಚಿಕ್ಕಪ್ಪ ಮೊದಲ ಗಾಡಿ ತಪ್ಪಿಸ್ಬೇಡ ಅಂದಿದ್ರಲ್ಲ."

ಪೇಪರು ಸದ್ದಿಲ್ಲದೆ ಮೇಲೇರಿತು.

"ಗಾಡೀಲಿ ಯಾರಾದ್ರೂ ಸಿಕ್ಕಿದ್ರಾ?"

"ಹೆಂಗಸರ ಡಬ್ಬಿಯಲ್ಲಿ ಒಬ್ಬರು ಅಜ್ಜಿ. ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು ಹಿಡೀಬೇಕು ಅಂತಿದ್ರು. ಯಾರ ಮಗಳು, ಯಾವೂರು, ಎಲ್ಲಿದ್ದೀಯ ಎಲ್ಲ ಕೇಳಿದ್ರು. ಹೇಳಿದೆ. ಹಸಿವು ಅಂದ್ರು, ಚಕ್ಕುಲಿ ಕೊಟ್ಟೆ. ಎಲ್ಲಾನೂ ತಿಂದ್ರು."

ಮಳವಳ್ಳಿಯಲ್ಲಿ ಬೇಕಾದಷ್ಟು ಅಜ್ಜಿಯರಿದ್ದಾರೆ ಎಂದು ಸಮಾಧಾನ ಹೇಳಿಕೊಂಡು ಮಲಗಿದೆ.

ಭಾನುವಾರ ಉಪ್ಪಿಟ್ಟು ಆರಿತು, ಸಜ್ಜಿಗೆ ಗಟ್ಟಿಯಾಯಿತು, ಮಗುವಿನ ಜಡೆಯ ಹೂ ಬಾಡತೊಡಗಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಭಾವ ಒಬ್ಬರೇ ಬಂದರು. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಆ ಬಸ್ಸು ಮದ್ದೂರಿನ ಏರಿನಲ್ಲಿ ನಿಂತು, ಜನರೆಲ್ಲ ಇಳಿದು ತಳ್ಳಿದ್ದರಂತೆ. ಬಿಳಿ ಪಂಚೆ ಬೂದಿಬಣ್ಣಕ್ಕೆ ತಿರುಗಿ, ಮೂಗಿನ ಮೇಲೆ ಮಸಿ. ಕಾಲು ತೊಳೆಯಲು ಕೊಟ್ಟ ಚೆಂಬನ್ನು ಕೆಳಗೆ ಕುಕ್ಕಿದರು.

"ಯಾರು ಉಡಿಸಿದ್ದು ಅವಳಿಗೆ ಕಚ್ಚೆ?"

ಚಕ್ಕುಲಿ ತಿಂದ ಅಜ್ಜಿ ಹುಡುಗನ ಸೋದರತ್ತೆ. ಭಾವ ಬೆಳಗ್ಗೆ ಅವರನ್ನೆಲ್ಲ ಕರೆತರಲೆಂದು ಮಳವಳ್ಳಿಗೆ ಹೋದರೆ, ಅವರು ಜಗಲಿಯ ಮೇಲೂ ಕೂರಿಸಲಿಲ್ಲವಂತೆ. ಆಕೆ ಒಳಗಿನಿಂದಲೇ ಕೂಗಿ ಹೇಳಿದರಂತೆ: "ನಾನು ಕಣ್ಣಾರೆ ಕಂಡಿದ್ದೀನಿ. ಕಚ್ಚೆ ಉಟ್ಟಿದ್ದಾಳೆ. ತಾಳಿ ಕಾಣ್ಲಿಲ್ಲ. ಕಾಲೇಜಿನೋರು ರವಿಕೆಯೊಳಗೆ ಸೇರಿಸ್ಕೋತಾರೆ, ನನಗೆ ಗೊತ್ತಿಲ್ವೆ? ಮದುವೆಯಾದ ಹುಡುಗೀನ ತೋರಿಸೋಕೆ ಕರೀತೀರಲ್ಲ!"

"ನಮ್ಮ ಚಕ್ಕುಲಿ ತಿಂದು!" ಎಂದರು ಅತ್ತೆ. ಅವರಿಗೆ ಮೊದಲು ಸಿಟ್ಟು ಬಂದದ್ದು ಅದಕ್ಕೆ.

"ಅಮ್ಮ, ನಾನು ಕೇಳ್ತಿರೋದು ಕಚ್ಚೆ ಯಾರು..."

"ನಾನೇ ಕಣಪ್ಪ. ಕಾಲು ಕಾಣದ ಹಾಗೆ ಆಡೋದಾದ್ರೆ ಆಡು ಅಂದೋನು ನೀನು. ಕಾಣ್ಲಿಲ್ಲ. ಬೇಕಾದ್ರೆ ಹೋಗಿ ಆ ಸೋದರತ್ತೇನೇ ಕೇಳು, ಕಾಲು ಕಂಡ್ತಾ ಅಂತ."

ಭಾವ ನಮ್ಮ ಮನೆಯವರ ಕಡೆ ತಿರುಗಿದರು. "ನೀವಾದ್ರೂ ಮನೇಲಿದ್ರಲ್ಲ!"

"ಮೊದಲ ಗಾಡಿಗೆ ಬಾ ಅಂದೆ ಅಷ್ಟೇ" ಎಂದರು ಇವರು.

ಭಾವ ಎದ್ದರು, ಕೂತರು, ಮತ್ತೆ ಎದ್ದರು. ಈಗಲೇ ವಾಪಸ್ಸು ಹೋಗಿ ಅವರಿಗೆ ತಿಳಿಯ ಹೇಳುತ್ತೇನೆ ಎಂದರು.

"ಏನಂತ ಹೇಳ್ತೀಯ?" ಎಂದರು ಅತ್ತೆ. "ಮದುವೆ ಆಗಿಲ್ಲ, ಅಂಗಳದಲ್ಲಿ ನೆಗೆದಾಡೋಕೆ ಕಚ್ಚೆ ಉಟ್ಟಿದ್ಲು ಅಂತಲೇ? ಅದಕ್ಕಿಂತ ಮದುವೆ ಆಗಿದೆ ಅನ್ನೋದೇ ವಾಸಿ."

ಬೇಲಿಯಾಚೆ ವಕೀಲರ ಹೆಂಡತಿ ಕೆಮ್ಮಿ, "ಇಂಥ ಸಂದರ್ಭಕ್ಕೂ ಒಂದು ಮಾತು ಬರೆದಿದ್ದಾರೆ..." ಎಂದು ಶುರುಮಾಡಿದರು.

ಆಗ ನನಗೆ ತಡೆಯಲಾಗಲಿಲ್ಲ. ಹದಿನೈದು ಜನರಿಗೆಂದು ಮಾಡಿಟ್ಟ ಉಪ್ಪಿಟ್ಟು ಒಳಗೆ ಕಲ್ಲಾಗುತ್ತಿತ್ತು. ತಂತಿಯ ಮೇಲೆ ನನ್ನ ಸೀರೆ ಮಣ್ಣಿನ ಅಂಚಿನ ಸಮೇತ ಜೋತಾಡುತ್ತಿತ್ತು. ಬೆಳಗಿನಿಂದ ನಾನು ಕೂತಿರಲಿಲ್ಲ.

"ಸಾಕು ಮಾಡ್ತೀರಾ ಎಲ್ಲರೂ?" ಎಂದೆ. "ಭಾವ, ನೀವು ಕಾಲು ಕಾಣಬಾರ್ದು ಅಂದ್ರಿ. ಅಮ್ಮ ಕಚ್ಚೆ ಉಡು ಅಂದ್ರು. ಇವರು ಮೊದಲ ಗಾಡಿ ಅಂದ್ರು. ಮಗು ಒಬ್ಬರ ಮಾತೂ ಮೀರಲಿಲ್ಲ. ಮೀರಿದ್ರೆ ಇವತ್ತು ನೆಂಟರು ಬಂದು ಈ ಉಪ್ಪಿಟ್ಟು ತಿಂತಿದ್ರು. ಇನ್ನು ನಾಲ್ಕು ದಿನಕ್ಕೆ ಧನುರ್ಮಾಸ. ಅದು ಕಳೆಯೋವರೆಗೂ ಯಾರೂ ಹೆಣ್ಣು ನೋಡೋಕೆ ಹೊರಡಲ್ಲ. ಈ ಮಾತು ತಣ್ಣಗಾಗೋಕೆ ಇನ್ನೆರಡು ತಿಂಗಳಾದ್ರೂ ಬೇಕು. ಅಲ್ಲಿಗೆ ಮಾರ್ಚಿ ಬಂತು. ಮನೇಲಿ ಕೂತು ಅವಳು ಏನು ಮಾಡ್ಬೇಕು, ಅವರೇಕಾಳು ಹಿತುಕಬೇಕಾ? ಪರೀಕ್ಷೆ ಬರೀಲಿ."

ನಾನು ಅಷ್ಟು ಮಾತಾಡುವುದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. ಬೇಲಿಯಾಚೆಯ ಕೆಮ್ಮು ನಿಂತಿತು. ಮಗು ಅಡಿಗೆಮನೆಯ ಬಾಗಿಲ ಚೌಕಟ್ಟನ್ನು ಹಿಡಿದು ಅಪ್ಪನನ್ನೇ ನೋಡುತ್ತ ನಿಂತಿತ್ತು.

ಭಾವ ಬಹಳ ಹೊತ್ತು ವಸ್ತ್ರದಿಂದ ಮೂಗಿನ ಮಸಿ ಒರೆಸಿದರು. ಒರೆಸಿದಷ್ಟೂ ಕೆನ್ನೆಗೆ ಹರಡಿತು. ಕೊನೆಗೆ ಕೇಳಿದರು:

"ಆಟದಲ್ಲಿ ಏನಾಯ್ತೇ?"

"ಮೊದಲನೇದು ಗೆದ್ದೆ. ಎರಡನೇದ್ರಲ್ಲಿ ಸೋತೆ ಅಪ್ಪ."

"ಇಷ್ಟೆಲ್ಲ ರಾದ್ಧಾಂತ ಮಾಡಿ ಸೋತು ಬೇರೆ ಬಂದ್ಯಾ?"

"ಗಂಟು ಸಡಿಲ ಆಯ್ತು. ಒಂದು ಕೈಯಲ್ಲಿ ಸೀರೆ ಹಿಡ್ಕೊಂಡು ಆಡಿದೆ."

"ನಾನು ಹೇಳಿರಲಿಲ್ವೆ?" ಎಂದರು ಅತ್ತೆ ನನ್ನ ಕಡೆ ತಿರುಗಿ. "ನಿನಗೆ ಕಚ್ಚೆ ಉಡಿಸೋಕೇ ಬರಲ್ಲ."

ಭಾವ ನಗಲಿಲ್ಲ. ಆದರೆ ಚೆಂಬು ಎತ್ತಿಕೊಂಡು ಕಾಲು ತೊಳೆಯಲು ಹೋದರು. ಬಚ್ಚಲಿನಿಂದಲೇ ಹೇಳಿದರು: "ಪರೀಕ್ಷೆ ಬರೀಲಿ. ಆಮೇಲೆ ನೋಡೋಣ. ಕಿಟಕಿ ಪಕ್ಕ ಮಾತ್ರ ಕೂರಬೇಡ ಅನ್ನಿ ಅವಳಿಗೆ." ಮಗು ಒಳಗೆ ಹೋಗಿ, ಬಾಡಿದ ಹೂವನ್ನು ತೆಗೆದಿಟ್ಟು, ಅಕ್ಕಿ ಮೂಟೆಗೆ ಒರಗಿ ಪುಸ್ತಕ ತೆರೆಯಿತು. ಕಣ್ಣು ಒರೆಸಿಕೊಳ್ಳುವುದನ್ನು ಕಂಡೂ ಕಾಣದಂತೆ ನಾನು ಒಲೆಯ ಮುಂದೆ ಕೂತೆ.

ರಾತ್ರಿ ಬೇರೆ ಅಡಿಗೆ ಮಾಡಲಿಲ್ಲ. ಅವರೇಕಾಳಿನ ಉಪ್ಪಿಟ್ಟಿಗೆ ನೀರು ಚಿಮುಕಿಸಿ ಬಿಸಿ ಮಾಡಿದೆ. ಸಜ್ಜಿಗೆಯನ್ನು ಭಾವ ಎರಡು ಸಲ ಹಾಕಿಸಿಕೊಂಡರು, ನಮ್ಮ ಮನೆಯವರು ಮೂರು ಸಲ. ವಕೀಲರ ಮನೆಗೂ ಒಂದು ಬಟ್ಟಲು ಕೊಟ್ಟೆ, ಬುದ್ಧಿ ಹೇಳುವ ಬಾಯಿ ಸ್ವಲ್ಪ ಹೊತ್ತಾದರೂ ತುಂಬಿರಲಿ ಎಂದು. ಅತ್ತೆಯವರಿಗೆ ಮೊಸರವಲಕ್ಕಿ. ಮಗು ತಟ್ಟೆ ಖಾಲಿ ಮಾಡಿ ಮತ್ತೆ ಕೇಳಿತು. ನಾನು ಬಾಣಲೆಗೆ ಹಿಡಿದಿದ್ದ ಸೀಕನ್ನು ಕೆರೆದು ತಿಂದೆ, ನನಗೆ ಅದೇ ಇಷ್ಟ.

"ಇವತ್ತು ನನಗೆ ನಿದ್ದೆ ಎಲ್ಲಿ ಬರತ್ತಮ್ಮ" ಎಂದು ಭಾವ ಜಗಲಿಯ ಮೇಲೆ ಚಾಪೆ ಹಾಸಿಕೊಂಡರು. ಎಲ್ಲರಿಗಿಂತ ಮೊದಲು ಗೊರಕೆ ಹೊಡೆದದ್ದು ಅವರೇ.